ಸಿದ್ದೇಶ್ವರಿ ಆಂಟಿಯ ಟೇಪು
ತೊಂಬತ್ತಾರನೆಯ ಇಸವಿಯಲ್ಲಿ ಅಮೆರಿಕದ ರಾಕ್‌ವಿಲ್‌ನಲ್ಲಿ ಹಾವು ಸಾಕುವವರಿಗೆಲ್ಲ ಧಾರವಾಡದ ಸಿದ್ದೇಶ್ವರಿ ಆಂಟಿ ಗೊತ್ತು. ತಾವು ಕೆಲಸಕ್ಕಿದ್ದ ಸಾಕುಪ್ರಾಣಿಗಳ ಅಂಗಡಿಯಲ್ಲಿ ಅವರು ಹಾವಿನ ಗೂಡು ಮಾರಿದ್ದಕ್ಕಿಂತ ಮಾರಲೊಲ್ಲೆ ಅಂದದ್ದೇ ಹೆಚ್ಚು. ಮಗಳ ಹಠಕ್ಕೆ ಹಾವು ಕೊಂಡ ಪ್ರಶಾಂತ್ ಹಾವು ಇಡುವ ಪುಟ್ಟ ಡ್ರಾಯರಿನಂಥ ಗೂಡು ಮುಟ್ಟಿದ್ದೇ ತಡ, ಆಂಟಿಯ ಅಳತೆ ಟೇಪು ಹೊರಬಂತು. “ಹಾವು ನಾಲ್ಕು ಫೂಟು, ಇದು ಎರಡೇ. ನೀವು ತೊಟ್ಟಿಲದಾಗ ಮಲಗ್ತೀರೇನ್ರಿ?” ಹಬ್ಬದೂಟಕ್ಕೆ ಹೋದಲ್ಲೂ ಕಪಾಟು ಅಳೆದು, “ಇದರಾಗ ಹೆಬ್ಬಾವು ಆರಾಮ ಇರ್ತದ” ಎಂದು ಉಣ್ಣುವವರ ತುತ್ತು ನಿಲ್ಲಿಸುತ್ತಿದ್ದರು. ಒಮ್ಮೆ ಯಾರೋ ಬಿಟ್ಟುಹೋದ, ಇಕ್ಕಟ್ಟಿನಲ್ಲೇ ಬೆಳೆದ ಹಾವನ್ನು ಮನೆಗೆ ತಂದು ದೊಡ್ಡ ಗೂಡಿಗೆ ಬಿಟ್ಟರು. ವಾರವಿಡೀ ಅದು ಮೂಲೆಯಲ್ಲಿ ಸುರುಳಿ ಬಿಚ್ಚಲಿಲ್ಲ. ಆಂಟಿ ದಿನವೂ ಪಕ್ಕದಲ್ಲಿ ಕುಳಿತರು. ಎಂಟನೆಯ ಬೆಳಿಗ್ಗೆ ಗಂಡನ ಆಫೀಸಿಗೆ ಫೋನು ಮಾಡಿದರು. “ಏನಾತು?” ಎಂದು ಅವರು ಗಾಬರಿಯಾದರೆ, ಆಂಟಿ ಅಳುತ್ತಲೇ, “ಮೈ ಚಾಚಿ ಮಲಗ್ಯದ್ರೀ!” ಎಂದರು.