ಡಬ್ಬಿಯ ವಿಭೂತಿ, ಅತ್ತೆಯ ರಕ್ತ

ಅತ್ತೆಯ ವಿಭೂತಿ ಬದಲಾಯಿಸಿದವಳು ನಾನು. ಡಾಕ್ಟರು ಕೇಳಿದಾಗ ಇಲ್ಲವೆಂದವಳೂ ನಾನೇ. ಆರು ವರ್ಷವಾಯಿತು — ನನ್ನ ಬಾಯಿ ನಾನೇ ಮುಚ್ಚಿಕೊಂಡು ಸಾಕಾಗಿಹೋಗಿದೆ.

ಅಜ್ಜಂಪುರದ ಕಡೆಯ ಮಠದಿಂದ ಅತ್ತೆ ತಂದಿಟ್ಟುಕೊಂಡಿದ್ದ ವಿಭೂತಿ ಗಟ್ಟಿಗಳು. ದೇವರ ಕೋಣೆ ಒರೆಸುವಾಗ ಕೈತಪ್ಪಿ ಬಕೆಟ್ಟಿಗೆ ಬಿದ್ದವು. ಸ್ವಾಮಿಗಳು ಕೈಯಾರೆ ಕೊಟ್ಟದ್ದು, ನೆಲ ಒರೆಸುವ ನೀರಿಗೆ! ಅತ್ತೆಯ ಬಾಯಿ ನಿಮಗೆ ಗೊತ್ತಿಲ್ಲ. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಘಮಘಮ ಎನ್ನುವ ಗಟ್ಟಿಗಳನ್ನು ಕೊಂಡು ಅದೇ ಡಬ್ಬಿಯಲ್ಲಿ ಜೋಡಿಸಿಟ್ಟೆ. ಅತ್ತೆಗೆ ನಶ್ಯದ ಅಭ್ಯಾಸ, ವಾಸನೆ ತಿಳಿಯುವುದಿಲ್ಲ — ಅದೊಂದು ಪುಣ್ಯ ಎಂದುಕೊಂಡೆ. ಅಂಥದ್ದನ್ನೂ ದೇವರ ದಯೆಯೊಳಗೆ ಸೇರಿಸಿಬಿಟ್ಟೆನಲ್ಲ!

ಹತ್ತು ದಿನದಲ್ಲಿ ಹಣೆ, ತೋಳು ಕೆಂಪಾಗಿ ತುರಿಕೆ ಶುರುವಾಯಿತು. ತುರಿಸಿದಷ್ಟೂ ಅತ್ತೆ ಶಿವಶಿವಾ ಎಂದು ಅಲ್ಲಿಗೇ ಇನ್ನಷ್ಟು ವಿಭೂತಿ ಬಳಿದುಕೊಳ್ಳುವರು. ನಾನು ನೋಡುತ್ತ ನಿಂತಿದ್ದೆ — ಡಬ್ಬಿ ತೆಗೆದುಕೊಟ್ಟವಳೂ ನಾನೇ.

ಆ ತಿಂಗಳು ಅತ್ತೆಯ ಮಾಮೂಲಿ ರಕ್ತ ಪರೀಕ್ಷೆ. ವರದಿಯಲ್ಲಿ ಬೇಸೋಫಿಲ್ ಎಂಬಲ್ಲಿ ಎರಡು. ಒಂದರೊಳಗಿರಬೇಕೆಂದು ಪಕ್ಕದಲ್ಲೇ ಅಚ್ಚಾಗಿತ್ತು. ನಮ್ಮ ಮನೆಯವರು ಮೊಬೈಲು ಒತ್ತಿ ಒತ್ತಿ, ಡಾಕ್ಟರಿಗೆ ತೋರಿಸಲು ಹತ್ತಿದ ಬಸ್ಸು ಕಡೂರು ಮುಟ್ಟುವಷ್ಟರಲ್ಲಿ ನಾಲ್ಕು ದೊಡ್ಡ ಕಾಯಿಲೆ ಹುಡುಕಿಟ್ಟಿದ್ದರು. ಡಾಕ್ಟರು ತೋಳು ನೋಡಿ ಅತ್ತೆಯನ್ನು ಮಗನ ಜೊತೆ ಹೊರಗೆ ಕಳಿಸಿದರು. ವರದಿ ಹಿಡಿದು ನಾನೊಬ್ಬಳೇ ಒಳಗುಳಿದೆ.

“ಇದು ಬಿಳಿ ರಕ್ತಕಣದಲ್ಲಿ ಒಂದು ಬಗೆ ಕಣಮ್ಮ. ಅಲರ್ಜಿ ಇದ್ರೆ ಸ್ವಲ್ಪ ಏರಬಹುದು. ಇದೊಂದನ್ನೇ ಹಿಡ್ಕೊಂಡು ಏನೂ ಹೇಳಕ್ಕಾಗಲ್ಲ, ಉಳಿದಿದ್ದೆಲ್ಲ ಸರಿ ಇದೆ. ತಿಂಗಳು ಬಿಟ್ಟು ಮತ್ತೆ ನೋಡಣ. ಸೋಪು, ಎಣ್ಣೆ, ವಿಭೂತಿ — ಏನಾದ್ರೂ ಹೊಸದು ತಂದ್ರಾ?”

“ಇಲ್ಲ ಡಾಕ್ಟ್ರೇ. ಎಲ್ಲಾ ಹಳೇದೇ.”

ಅತ್ತೆಗೆ ಓದಲು ಬಾರದು. ಮನೆಗೆ ಬಂದವರೇ ವರದಿಯನ್ನು ನನ್ನ ಮುಂದೆ ಹಿಡಿದರು. “ಏನ್ ಬರ್ದವ್ರೆ? ನೆಟ್ಟಗೆ ಓದೇ.”

“ರಕ್ತದಲ್ಲಿ ಏನೋ ಒಂದು ಜಾಸ್ತಿ ಆಗೈತಂತೆ, ಅತ್ತೆ.” ಅಷ್ಟೇ ಹೇಳಿದೆ. ಅಲರ್ಜಿ ಎಂಬುದನ್ನು ನುಂಗಿಕೊಂಡೆ.

“ರಕ್ತ ಕೆಟ್ಟೈತೆ ಅನ್ನು ಮತ್ತೆ!”

ಅಂದೇ ತಟ್ಟೆ ಬೇರೆ, ಟವೆಲ್ಲು ಬೇರೆ, ನಂಜೆಂದು ಬದನೆಕಾಯಿಯನ್ನೂ ಬಿಟ್ಟರು. ಅಂಬೆಗಾಲಿಡುತ್ತಿದ್ದ ನನ್ನ ಮಗಳು ತೊಡೆ ಹತ್ತಲು ಹೋದರೆ, “ಮಗೀನ ನನ್ ತಾವ ಬಿಡಬ್ಯಾಡ ಕಣೇ, ಅಂಟ್ಕಂಡಾತು!” ಅಂಟುವುದಲ್ಲ ಅತ್ತೆ ಎಂದರೆ, “ನೀನ್ಯಾವಾಗ ಡಾಕ್ಟ್ರಾದೆ?” ಉತ್ತರ ಡಬ್ಬಿಯಲ್ಲಿತ್ತು. ನಾನು ತೆರೆಯಲಿಲ್ಲ.

ಮರುವಾರ ಕದ್ದು ಮಠಕ್ಕೆ ಹೋಗಿ ವಿಭೂತಿ ತಂದು ಡಬ್ಬಿ ತುಂಬಿದೆ. ತುರಿಕೆ ಇಳಿಯಿತು. ಎರಡನೇ ಪರೀಕ್ಷೆಯಲ್ಲಿ ಬೇಸೋಫಿಲ್ ಒಂದು — ನಿಜವಾಗಿಯೂ ಪುಣ್ಯ. ಆ ಸಂಖ್ಯೆ ಏರಿದ್ದು ವಿಭೂತಿಯಿಂದಲೇ ಎಂದು ಇಂದಿಗೂ ಹೇಳಲಾರೆ. ತುರಿಕೆ ಮಾತ್ರ ಅದರದೇ. ಅತ್ತೆಯೋ, “ಬದನೆಕಾಯಿ ಬಿಟ್ಟಿದ್ಕೆ ಶಿವ ಕಣ್ ಬಿಟ್ಟ” ಎಂದರು. ಎಣ್ಣೆಗಾಯಿ ಎಂದರೆ ಪ್ರಾಣ ಬಿಡುತ್ತಿದ್ದವರು ಇಂದಿಗೂ ಅದನ್ನು ಮುಟ್ಟುವುದಿಲ್ಲ. ಮಗುವನ್ನೂ ಮುಟ್ಟಲಿಲ್ಲ — ಕೆಟ್ಟ ರಕ್ತ ಎಲ್ಲಿ ಹೋಗುತ್ತದೆ ಎಂಬ ಹಟ. ಡಾಕ್ಟರು ಹೇಳಿದರೂ ಕೇಳಲಿಲ್ಲ, ಮಗ ಹೇಳಿದರೂ ಕೇಳಲಿಲ್ಲ. ಎಂಥ ಹೆಂಗಸಪ್ಪಾ ಎಂದು ಎಷ್ಟು ಸಲ ಸಿಡುಕಿದ್ದೇನೆ! ಸಿಡುಕುವ ಮುಖ ನನಗೆಲ್ಲಿತ್ತು —

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ಜಡೆ ಹಾಕುವಾಗ ಕೇಳಿದಳು: “ಅಮ್ಮ, ಅಜ್ಜಿಗೆ ನನ್ನ ಕಂಡ್ರೆ ಆಗಲ್ವಾ?”

ಅಂದೇ ರಾತ್ರಿ ಇದನ್ನು ಬರೆಯಲು ಕೂತೆ.

ದಿನವೂ ತಿಂಡಿಯಾದ ಮೇಲೆ ಅತ್ತೆಗೆ ಪೇಪರು ಓದಿ ಹೇಳುವವಳು ನಾನೇ. ನಾಳೆ ಪೇಪರಿನ ಬದಲು ಇದನ್ನು ಓದುತ್ತೇನೆ, ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು. ಬೈದರೆ ಬೈಯಲಿ. ಈ ಸಲ ನೆಟ್ಟಗೆ ಓದುತ್ತೇನೆ.