ಅಮೋನಿಯಾ ಪೈಪಿನ ಎಂಟು ಬೋಲ್ಟುಗಳು

ಉಪ್ಪುಂದದ ಬಳಿಯ ಐಸ್ ಪ್ಲಾಂಟೊಂದರಲ್ಲಿ ನಾನು ಫಿಟ್ಟರ್ ಆಗಿದ್ದೆ. ಕಂಪ್ರೆಸರಿನಿಂದ ಹೊರಡುವ ಅಮೋನಿಯಾ ಪೈಪಿನ ಒಂದು ಜೋಡಣೆ ನನ್ನ ಜೀವ ತಿನ್ನುತ್ತಿತ್ತು. ಯಂತ್ರ ಓಡಿದರೆ ಪೈಪು ಕಾಯುತ್ತದೆ, ಕರೆಂಟು ಹೋದರೆ ತಣಿಯುತ್ತದೆ. ಹಿಗ್ಗಿ ಕುಗ್ಗಿ ಅನಿಲ ಸೋರದಂತೆ ನಡುವೆ ಇಟ್ಟ ಪ್ಯಾಕಿಂಗ್ ತೆಳುವಾಗಿ, ಜೋಡಣೆಯ ಎಂಟೂ ಬೋಲ್ಟು ಸಡಿಲವಾಗುತ್ತಿದ್ದವು. ಪ್ರತಿ ವಾರ ಮತ್ತೆ ಬಿಗಿಯುತ್ತಿದ್ದೆ.

ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ ಆಪರೇಟರ್ ಮುಂಬಯಿಯಲ್ಲಿ ದುಡಿದು ಬಂದ ಹಿರಿಯರು. “ಇನ್ನೂ ಬಿಗಿದ್ರೆ ತುಂಡಾತ್ತ್, ಕಾಣಿ” ಎಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ದೋಣಿಯವರು ಐಸಿಗೆ ಅವಸರ ಮಾಡುತ್ತಿದ್ದರು. ಜೋಡಣೆಯಿಂದ ಅಮೋನಿಯಾದ ವಾಸನೆ ಬಂತು. ಯಂತ್ರ ನಿಲ್ಲಿಸದೆಯೇ ಬಲ ಹೆಚ್ಚಲೆಂದು ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪಿನ ತುಂಡೊಂದನ್ನು ತೂರಿಸಿ ಎಳೆದೆ. ಟಣ್ ಎಂದು ಬೋಲ್ಟು ಮುರಿಯಿತು. ಬಿಳಿ ಹೊಗೆ ಮುಖಕ್ಕೇ ನುಗ್ಗಿತು.

“ಹ್ವಾಯ್, ಅದ್ನ್ ಬಿಸಾಡಿ! ಹೊರ್ಗ್ ಹೋಯ್ನಿ!”

ಆಪರೇಟರ್ ನನ್ನನ್ನು ಹೊರಗೆ ದಬ್ಬಿ, ಒದ್ದೆ ಬೈರಾಸು ಮುಖಕ್ಕೆ ಸುತ್ತಿಕೊಂಡು ಯಂತ್ರ ನಿಲ್ಲಿಸಿ ವಾಲ್ವ್ ಮುಚ್ಚಲು ಒಳಗೆ ಹೋದರು. ಅಂಗಳದಲ್ಲಿ ಮೀನು ತುಂಬುತ್ತಿದ್ದ ಹೆಂಗಸರನ್ನು ಗಾಳಿ ಬೀಸಿ ಬರುತ್ತಿದ್ದ ದಿಕ್ಕಿಗೆ ಓಡಿಸಿದೆ. ಬಾಗಿಲಿಗೆ ವಾಪಸು ಬಂದರೆ ಅವರಿನ್ನೂ ಹೊರಬಂದಿರಲಿಲ್ಲ. ಕೂಗುತ್ತಲೇ ಇದ್ದೆ. ಕೊನೆಗೆ ಯಂತ್ರದ ಸದ್ದು ನಿಂತಿತು. ಅವರು ಗೋಡೆ ತಡವುತ್ತಾ, ಕಣ್ಣು ಮುಚ್ಚಿಕೊಂಡೇ ಬಂದರು. ಕಣ್ಣಿಗೆ ನೀರು ಸುರಿದು ಕುಂದಾಪುರದ ಆಸ್ಪತ್ರೆಗೆ ಒಯ್ದೆವು. ದೃಷ್ಟಿ ಉಳಿಯಿತು.

ತಪ್ಪು ನನ್ನದೇ ಎಂದು ಮಾಲೀಕರಿಗೆ ಹೇಳಿದೆ. ಬೋಲ್ಟು ಸಡಿಲವಾಗದಿರಲು ದಾರಿ ಕೇಳಿದಾಗ ಬ್ರಹ್ಮಾವರದ ವರ್ಕ್‌ಶಾಪಿನ ಗೆಳೆಯ ಡಿಸ್ಕ್ ಸ್ಪ್ರಿಂಗ್ ತೋರಿಸಿದ. ಬಟ್ಟಲಿನ ಹಾಗೆ ಬಾಗಿದ ಉಕ್ಕಿನ ಬಿಲ್ಲೆ. ನಟ್ಟಿನಡಿ ಒತ್ತಿ ಕೂರಿಸಿದರೆ ಅದು ವಾಪಸು ಒತ್ತುತ್ತಲೇ ಇರುತ್ತದೆ. ಪ್ಯಾಕಿಂಗ್ ತೆಳುವಾದರೂ ಹಿಡಿತ ಬಿಡುವುದಿಲ್ಲ.

ಅನಿಲ ಖಾಲಿ ಮಾಡಿಸಿ, ಹೊಸ ಪ್ಯಾಕಿಂಗ್, ಹೊಸ ಬೋಲ್ಟು, ಒಂದೊಂದಕ್ಕೂ ಎರಡು ಬಿಲ್ಲೆ ಎದುರುಬದುರು ಕೂರಿಸಿ, ಅಳತೆಯಿಟ್ಟು ಬಿಗಿದೆ. ಯಂತ್ರ ಓಡಿಸಿದೆವು, ಪೂರ್ತಿ ತಣಿಯಲು ಬಿಟ್ಟೆವು, ಮತ್ತೆ ಓಡಿಸಿದೆವು. ಒದ್ದೆ ಲಿಟ್ಮಸ್ ಕಾಗದ ಹಿಡಿದು ಜೋಡಣೆಯ ಸುತ್ತ ಬಂದೆ. ಅಮೋನಿಯಾ ತಾಗಿದರೆ ಕೆಂಪು ಕಾಗದ ನೀಲಿಯಾಗುತ್ತದೆ.

ಅಂದೇ ಕೆಲಸಕ್ಕೆ ಮರಳಿದ್ದ ಆಪರೇಟರ್ ಬಾಗಿಲಲ್ಲಿ ನಿಂತಿದ್ದರು. “ಎಂತ ಆಯ್ತ್?”

“ಕೆಂಪೇ ಇತ್ತ್.”

“ಇನ್ನೊಂದ್ ಸಲ ಕಾಣಿ.”

ಕಂಡೆ. ಕೆಂಪೇ.

“ಅವತ್ತ್ ನಾ ಹೇಳ್ದಾಗ್ಳೇ ಕೇಂಬುಕಿತ್ತ್” ಎಂದರು. ಹೌದು, ಆಗಲೇ ಕೇಳಬೇಕಿತ್ತು ಎಂದೆ. ಅವರು ಕೆಮ್ಮುತ್ತಾ ಒಳಗೆ ಬಂದು ಕಂಪ್ರೆಸರಿನ ಒತ್ತಡ ತೋರಿಸುವ ಗೇಜಿನ ಮುಂದೆ, ತಮ್ಮ ಎಂದಿನ ಜಾಗದಲ್ಲಿ ಕೂತರು.