ಉದ್ಯಾಪನೆಯ ಒಬ್ಬಟ್ಟು

ನನ್ನ ಗಂಡನ ಕುಡಿತ ಬಿಡಿಸಲು ಖರ್ಚಾದದ್ದು ನನ್ನ ಶನಿವಾರಗಳು. ಫೀಸೂ ಇತ್ತು. ಅದನ್ನು ಮೊದಲ ದಿನವೇ ಚೌಕಾಸಿ ಮಾಡಿ ಇಳಿಸಿ, ಉಳಿದದ್ದನ್ನು ಕಂತಿನ ಮೇಲೆ ಕೊಡುವುದಾಗಿ ಒಪ್ಪಿಸಿ ಬಂದಿದ್ದೆ. ಆದರೆ ಶನಿವಾರದ ವಿಷಯದಲ್ಲಿ ಚಿಕಿತ್ಸೆ ಕೊಡುವ ಜನ ಒಂದಿಷ್ಟೂ ಬಗ್ಗಲಿಲ್ಲ. ವಾರದಲ್ಲಿ ನಾಲ್ಕು ಸಂಜೆ ಗಂಡಸು ಬಂದು ಕೂರಬೇಕು, ಶನಿವಾರ ಅವನ ಜೊತೆ ಮನೆಯವರೊಬ್ಬರು ಕೂರಬೇಕು, ಇಲ್ಲದಿದ್ದರೆ ಬರುವುದೇ ಬೇಡ ಎಂದರು. ನಾನು ಆಗ ಚೆಂಬೂರಿನ ಕಾಲೊನಿಗಳಲ್ಲಿ ಕಂತಿನ ಮೇಲೆ ರೇಷ್ಮೆ ಸೀರೆ ಮಾರುತ್ತಿದ್ದೆ. ಶನಿವಾರ ಮಧ್ಯಾಹ್ನ ಗಂಡಂದಿರು ಬೇಗ ಮನೆಗೆ ಬಂದು, ಉಂಡು, ಮಲಗೆದ್ದು, ಸಂಜೆಗೆ ಒಳ್ಳೆಯ ಮನಸ್ಸಿನಲ್ಲಿರುತ್ತಾರೆ; ಹೆಂಡತಿ ಸೀರೆಯ ಮಡಿಕೆ ಬಿಡಿಸಿ ನೋಡಿದರೆ "ತಗೋ" ಅನ್ನುತ್ತಾರೆ. ಆ ಒಂದು ಸಂಜೆ ನನಗೆ ಉಳಿದ ವಾರಕ್ಕೆ ಸಮ. ಅದನ್ನು ಕೊಟ್ಟೆ.

ಯಾಕೆ ಕೊಟ್ಟೆ ಅಂದರೆ, ನಾವಿದ್ದ ಮನೆ ಕಂಪನಿಯದು. ನಮ್ಮವರು ಚೆಂಬೂರಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಸೂಪರ್‌ವೈಸರ್. ಬಾಯ್ಲರ್ ಎದುರು ಕುಡಿದು ನಿಲ್ಲುವವನನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಪರ್ಸೊನೆಲ್ ಆಫೀಸರು ಕರೆಸಿ ಹೇಳಿದ್ದರು, ಚಿಕಿತ್ಸೆ ತಗೊಳ್ಳಿ, ಅಲ್ಲಿಯತನಕ ಬೆಳಗಿನ ಪಾಳಿ ಕೊಡುತ್ತೇನೆ, ಇನ್ನೊಂದು ಸಲ ಗೇಟಿನಲ್ಲಿ ವಾಸನೆ ಬಂದರೆ ಕೆಲಸವೂ ಇಲ್ಲ, ಕ್ವಾರ್ಟರ್ಸೂ ಇಲ್ಲ.

ಪವಾಯಿ ಕಡೆ ಒಂದು ನರ್ಸಿಂಗ್ ಹೋಮ್ ನೋಡಿಬಂದೆ. ತಿಂಗಳುಗಟ್ಟಲೆ ಮಲಗಿಸಿ ಬಿಡಿಸುತ್ತಾರಂತೆ. ಒಳಗೆ ದೊಡ್ಡ ದೊಡ್ಡ ಗಂಡಸರು ಪಾಯಜಾಮ ತೊಟ್ಟು, ದೀಪಾವಳಿಗೆ ಬಂದ ಅಳಿಯಂದಿರ ಹಾಗೆ ಮಲಗಿದ್ದರು. ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಿದವನು ಕುಡಿಯದಿರುವುದು ದೊಡ್ಡ ಸಾಹಸವಲ್ಲ. ಸಂಬಳದ ದಿನ ಬಾರಿನ ಮುಂದೆ ನಡೆದು ಮನೆಗೆ ಬರುವವನು ನನಗೆ ಬೇಕಿತ್ತು. ಅದಕ್ಕೇ ಅಂಧೇರಿಯ ಜಾಗವನ್ನು ಆರಿಸಿದೆ: ಕೆಲಸ ಮುಗಿಸಿ ಬನ್ನಿ, ಸಂಜೆ ಇಲ್ಲಿ ಕೂತು ಮಾತಾಡಿ, ರಾತ್ರಿ ಮನೆಗೆ ಹೋಗಿ.

ಅದೊಂದು ಶಾಲೆಯ ಮೇಲಿನ ಮಹಡಿ. ಮಕ್ಕಳ ಮಗ್ಗಿಯ ಚಾರ್ಟಿನ ಕೆಳಗೆ ಮಡಚುವ ಕಬ್ಬಿಣದ ಕುರ್ಚಿಗಳನ್ನು ಸುತ್ತಲೂ ಹಾಕಿ, ನಡುವೆ ಏನೂ ಇಡದೆ, ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿಕೊಳ್ಳುವುದು. ಅದಕ್ಕೆ ಚಿಕಿತ್ಸೆ ಎಂದು ಹೆಸರು. ನಡೆಸುವ ಕೌನ್ಸೆಲರ್ ಮಂಗಳೂರಿನ ಕಡೆಯವರು, ಒಂದು ಕಾಲದ ಬ್ಯಾಂಕ್ ಮ್ಯಾನೇಜರು. ಕುಡಿದು ಬ್ಯಾಂಕು ಕಳೆದುಕೊಂಡು, ಆಮೇಲೆ ಕುಡಿತ ಬಿಟ್ಟು, ಈಗ ಬೇರೆಯವರದನ್ನು ಬಿಡಿಸುತ್ತಿದ್ದರು. ಎಲ್ಲರ ಜೊತೆ ಹಿಂದಿ, ನಮ್ಮ ಜೊತೆ ಕನ್ನಡ.

ಎರಡನೆಯ ವಾರಕ್ಕೆಲ್ಲ ನಮ್ಮವರು ಆ ಕುರ್ಚಿಗಳ ಹೀರೋ ಆದರು. ಮನೆಯಲ್ಲಿ ಉಪ್ಪಿನಕಾಯಿ ಬೇಕು ಅನ್ನುವುದಕ್ಕೂ ಬಾಯಿ ಬಿಡದ ಮನುಷ್ಯ ಅಲ್ಲಿ ತನ್ನ ಅಂತರಂಗವನ್ನು ಇಂಗ್ಲಿಷಿನಲ್ಲಿ ತೆರೆದರು. ಕರ್ಚೀಫು ತೆಗೆದರು, ಕನ್ನಡಕ ಒರೆಸಿಕೊಂಡರು. ಸುತ್ತಲಿನವರು ತಲೆದೂಗಿದರು. ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಮುಸಲ್ಮಾನ ಟೈಲರು ಕೂರುತ್ತಿದ್ದರು, ತಮ್ಮ ಸರದಿ ಬಂದಾಗ ಹೆಸರು ಹೇಳಿ, "ಇವತ್ತ ಕುಡದಿಲ್ಲ" ಎಂದು ಮುಗಿಸುವವರು. ಚಹಾ ಕುಡಿಯುವಾಗ ನನಗೆ ಹೇಳಿದರು:

"ಅಕ್ಕಾರ, ನಿಮ್ಮ ಯಜಮಾನ್ರು ಭಾಳ ಚಂದ ಮಾತಾಡ್ತಾರ್ರಿ. ನಮಗ ಅಷ್ಟ ಬರಂಗಿಲ್ಲ ನೋಡ್ರಿ, ಅದಕ್ಕ ಸುಮ್ಮ ಬಿಟ್ಟಬಿಟ್ಟೇವಿ."

ಚಿಕಿತ್ಸೆಯಲ್ಲಿ ಒಂದು ಮಾತ್ರೆಯೂ ಇತ್ತು. ಅದನ್ನು ನುಂಗಿದವನು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಒದ್ದಾಡಬೇಕು. ದಿನಾ ಬೆಳಿಗ್ಗೆ ಮನೆಯವರ ಕಣ್ಣೆದುರೇ ನುಂಗಬೇಕು ಎಂದು ಕಟ್ಟಪ್ಪಣೆ. ಕೊಡುವ ಕೆಲಸವನ್ನು ನಮ್ಮ ಅತ್ತೆ ಕಸಿದುಕೊಂಡರು.

"ನಾನು ಕೊಡ್ತೀನಿ ಕಣೇ. ನೀನು ಕೊಟ್ರೆ ಮಾತ್ರೆ, ನಾನು ಕೊಟ್ರೆ ಪ್ರಸಾದ."

ಹೇಳಿದ ಹಾಗೇ ಮಾಡಿದರು. ದೇವರ ಪೂಜೆ ಮುಗಿದ ಮೇಲೆ ಮಗನ ಅಂಗೈಯಲ್ಲಿ ಮಾತ್ರೆ ಇಟ್ಟು, ಮೇಲೆ ಉದ್ಧರಣೆಯಿಂದ ತೀರ್ಥ ಹಾಕುತ್ತಿದ್ದರು. ಅಂಧೇರಿಗೆ ಹೋಗುವ ದಿನ ಮನೆಯಲ್ಲಿ ಈರುಳ್ಳಿ ಇಲ್ಲ. ಹೊರಡುವ ಮುಂಚೆ ಮಗನಿಗೆ ಇನ್ನೊಂದು ಸ್ನಾನ, ಹಣೆಗೆ ಕುಂಕುಮ. ಆ ಕುಂಕುಮ ಇಟ್ಟುಕೊಂಡು ಅವರು ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು ಅಂಧೇರಿಯ ಬಸ್ಸಿಗೆ ನೂಕಾಡುತ್ತಿದ್ದರು. ಬಿಲ್ಡಿಂಗಿನವರು ಕೇಳಿದರೆ ಅತ್ತೆ, "ಮಗ ವ್ರತ ಹಿಡಿದಿದ್ದಾನೆ" ಅನ್ನುತ್ತಿದ್ದರು. ನಿನ್ನೆಯವರೆಗೆ ಮೆಟ್ಟಿಲ ಮೇಲೆ ಬಿದ್ದಿರುತ್ತಿದ್ದ ನಮ್ಮವರನ್ನು ದಾಟಿಕೊಂಡು ಹೋಗುತ್ತಿದ್ದ ಜನ ಎದ್ದು ಕುರ್ಚಿ ಕೊಡತೊಡಗಿದರು. ನಾನು ಹುಟ್ಟಿದಾಗಿನಿಂದ ಕುಡಿದಿಲ್ಲ, ನನಗೆ ಯಾರೂ ಒಂದು ಸ್ಟೂಲೂ ಕೊಟ್ಟವರಲ್ಲ.

ಈ ಊರಿಗೆ ವ್ರತ ಅಂದರೆ ಏನೆಂದು ನನಗೆ ಗೊತ್ತಿತ್ತು. ಶ್ರಾವಣ ಪೂರ್ತಿ ಕುಡಿಯುವುದಿಲ್ಲ ಎಂದು ಅದರ ಹಿಂದಿನ ಅಮಾವಾಸ್ಯೆಗೆ ಗಟಾರಿ ಎಂದು ಹೆಸರಿಟ್ಟು ಊರಿಗೆ ಊರೇ ಕುಡಿದು ಮಲಗುತ್ತದೆ. ಗಡುವು ಮುಗಿದ ದಿನ ಮತ್ತೆ ಬಾಟಲಿ ಬಿಚ್ಚುತ್ತದೆ. ವ್ರತಕ್ಕೆ ಒಂದು ಕೊನೆ ಇರುತ್ತದೆ, ಅದೇ ಅದರ ರುಚಿ.

ಕೆಲವು ತಿಂಗಳ ಮೇಲೆ, ಚಿಕಿತ್ಸೆಯ ಮೊದಲ ಸುತ್ತು ಮುಗಿದ ಶನಿವಾರ ಕೌನ್ಸೆಲರು ಬಿಡಿಸಿ ಹೇಳಿದರು: "ನಾಲ್ಕು ಸಂಜೆ ಇದ್ದದ್ದು ಇನ್ನು ಎರಡು, ಅಷ್ಟೇ. ಮಾತ್ರೆ ಬಿಡ್ಲಿಕ್ಕೆ ಇಲ್ಲ. ಇದು ಮುಗಿದದ್ದಲ್ಲ ಮಾರಾಯ್ರೆ, ಸುರುವಾದದ್ದು." ನಮ್ಮವರು ಹೂಂಗುಟ್ಟಿದರು. ಮನೆಗೆ ಬಂದು ತಾಯಿಗೆ ವರದಿ ಒಪ್ಪಿಸಿದಾಗ ಅದರಲ್ಲಿ ಉಳಿದಿದ್ದದ್ದು "ಮುಗೀತು" ಎಂಬುದೊಂದೇ.

"ಹಾಗಾದ್ರೆ ಉದ್ಯಾಪನೆ ಮಾಡಿಬಿಡೋಣ" ಎಂದರು ಅತ್ತೆ.

"ಅತ್ತೆ, ಸೀರೆಯ ಬಣ್ಣ ಗೊತ್ತಾಗೋದು ಒಗೆದ ಮೇಲೆ. ಇದಿನ್ನೂ ಒಂದು ನೀರೂ ಕಂಡಿಲ್ಲ."

"ನಿನಗೆ ಎಲ್ಲಾ ಸೀರೇನೇ. ಹಿಡಿದ ವ್ರತಕ್ಕೆ ಉದ್ಯಾಪನೆ ಮಾಡದಿದ್ರೆ ಫಲ ಬರಲ್ಲ, ಅರ್ಧಕ್ಕೆ ಕೈಬಿಟ್ಟ ಹಾಗೆ."

"ಅಮ್ಮ ಹೇಳೋದೂ ಒಂದು ರೀತೀಲಿ ಸರೀನೇ" ಎಂದರು ನಮ್ಮವರು. ಈ ಮನುಷ್ಯ ಜೀವನದಲ್ಲಿ ಎಲ್ಲವನ್ನೂ ಒಂದು ರೀತಿಯಲ್ಲಿ ಸರಿ ಎಂದೇ ಹಾಳಾದದ್ದು.

ಮಾಟುಂಗಾದಿಂದ ಪುರೋಹಿತರು ಬಂದರು. ಕಲಶ, ಹೋಮ, ದಂಪತಿ ಪೂಜೆ, ಒಬ್ಬಟ್ಟಿನ ಊಟ. ಪರ್ಸೊನೆಲ್ ಆಫೀಸರನ್ನೂ ಕರೆದಿದ್ದರು. ಆ ಮರಾಠಿ ಮನುಷ್ಯ ಮಣೆಯ ಮೇಲೆ ಕಷ್ಟಪಟ್ಟು ಕೂತು, ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿಕೊಂಡರು. ನಮ್ಮವರು ಬಂದವರಿಗೆಲ್ಲ ಕುಡಿತದ ದುಷ್ಪರಿಣಾಮದ ಬಗ್ಗೆ ಒಂದು ಭಾಷಣ ಮಾಡಿದರು. ಕೊನೆಗೆ ಪುರೋಹಿತರು "ಪುನರಾಗಮನಾಯ ಚ" ಎಂದು ಹೇಳಿ ಕಲಶ ಕದಲಿಸಿದರು. ಹೋಗಿ, ಮತ್ತೆ ಬನ್ನಿ ಎಂದು ದೇವರಿಗೆ ಹೇಳುವ ಮಾತು ಅದು. ಕೇಳಿಸಿಕೊಂಡದ್ದು ದೇವರಲ್ಲ.

ಸೋಮವಾರ ಸಂಜೆ ನಮ್ಮವರು ಪೇಪರು ಹಿಡಿದು ಕೂತಿದ್ದರು.

"ರೀ, ಬಸ್ಸು ತಪ್ಪುತ್ತೆ."

"ಎಲ್ಲಿಗೆ?"

"ಅಂಧೇರಿಗೆ."

"ಉದ್ಯಾಪನೆ ಆಯ್ತಲ್ಲೇ" ಎಂದರು, ನಾನೇ ಏನೋ ಶಾಸ್ತ್ರ ತಿಳಿಯದವಳ ಹಾಗೆ.

ಮಾತ್ರೆಯ ಕಥೆ ಏನಾಯಿತೆಂದು ಅತ್ತೆಯನ್ನು ಕೇಳಿದರೆ, "ಕಲಶ ಕದಲಿಸಿದ ಮೇಲೆ ಆ ತೀರ್ಥ ಎಲ್ಲಿಂದ ತರಲಿ?" ಎಂದರು. ನಾನೇ ಕೊಡಲು ನಿಂತೆ. ನಾನು ಕೊಟ್ಟದ್ದು ಬರೀ ಮಾತ್ರೆ, ಪ್ರಸಾದವಲ್ಲ. ಅದನ್ನು ಕೆನ್ನೆಯಲ್ಲಿಟ್ಟುಕೊಂಡು ಹೋಗಿ ಮೋರಿಗೆ ಉಗಿಯುತ್ತಿದ್ದರು. ಕೆಲವೇ ದಿನಗಳಲ್ಲಿ, ಹಗಲು ಹೊತ್ತಿನಲ್ಲೇ, ಗೇಟಿನ ವಾಚ್‌ಮನ್ ಮೂಗು ಮುಂದೆ ಮಾಡಿ ಇವರನ್ನು ನಿಲ್ಲಿಸಿದ. ಮನೆಗೆ ಬಂದು ಮಂಚದ ಮೇಲೆ ಕೂತು ನಮ್ಮವರು ಹೇಳಿದ್ದು ಇಷ್ಟು: "ವ್ರತದಲ್ಲಿ ಒಂದು ಹನೀನೂ ಮುಟ್ಟಲಿಲ್ಲ. ಅದನ್ನ ಯಾರೂ ಹೇಳಲ್ಲ."

ಮಾರನೆಯ ದಿನ ನಾನು ಆಫೀಸರನ್ನು ನೋಡಲು ಹೋದೆ. "ಭಾಭೀಜಿ, ಆಪ್‌ಕೀ ಪೂರಣಪೋಳಿ ಬಹುತ್ ಬಢಿಯಾ ಥೀ" ಎಂದು ಒಬ್ಬಟ್ಟು ಹೊಗಳಿ ಶುರುಮಾಡಿದರು. ಅಂದರೆ ಕೆಲಸದಿಂದ ತೆಗೆಯುವ ಕಾಗದ ಟೈಪಾಗಿ ಮೇಜಿನ ಮೇಲಿದೆ ಎಂದರ್ಥ. ನಾನು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಅತ್ತರೆ ಕನಿಕರ ಸಿಗುತ್ತದೆ; ಕನಿಕರ ಕೊಟ್ಟು ನೀರು ಕುಡಿಸಿ ಕಳಿಸುತ್ತಾರೆ. ವ್ಯಾಪಾರದಲ್ಲಿ ಮೊದಲು ಎದುರಿನವನಿಗೆ ಯಾವುದು ಬೇಡ ಎಂದು ತಿಳಿಯಬೇಕು. ಅವರಿಗೆ ಬೇಡವಾಗಿದ್ದದ್ದು ಕುಡುಕನಲ್ಲ, ಬಾಯ್ಲರ್ ಪಕ್ಕದ ಕುಡುಕ. ಹಾಗಾದರೆ ಬಾಯ್ಲರಿನಿಂದ ತೆಗೆಯಿರಿ ಎಂದೆ. ಸ್ಟೋರ್ಸಿಗೆ ಹಾಕಿ, ಬೋಲ್ಟು ನಟ್ಟು ಎಣಿಸಲಿ, ಸಂಬಳ ಇಳಿಸಿ. ಚಿಕಿತ್ಸೆ ಮತ್ತೆ ಮೊದಲಿನಿಂದ. ಬರುತ್ತಿದ್ದಾರೋ ಇಲ್ಲವೋ ಎಂದು ಕೌನ್ಸೆಲರೇ ನಿಮಗೆ ಫೋನ್ ಮಾಡುತ್ತಾರೆ. ತಪ್ಪಿದರೆ ಮನೆಯ ಬೀಗದ ಕೈ ನಾನೇ ತಂದು ಕೊಡುತ್ತೇನೆ, ನೋಟಿಸಿನ ಖರ್ಚೂ ನಿಮಗಿಲ್ಲ. ಸಂಬಳ ಇಳಿಯುವ ಮಾತು ಬಂದಾಗ ಅವರ ಮುಖದಲ್ಲಿ ಮನುಷ್ಯತ್ವ ಕಾಣಿಸಿಕೊಂಡಿತು. ಒಪ್ಪಿದರು.

ಅಂಧೇರಿಯಲ್ಲಿ ಕೌನ್ಸೆಲರು ಫೋನಿಗೆ ಸಲೀಸಾಗಿ ಒಪ್ಪಿದರು, ಆದರೆ ತಮ್ಮದೊಂದು ಷರತ್ತು ಸೇರಿಸಿದರು: "ಶನಿವಾರ ಈ ಸಲ ದೊಡ್ಡಮ್ಮನೂ ಬರಬೇಕು." ಅತ್ತೆಯನ್ನು ಹೊರಡಿಸುವುದರ ಮುಂದೆ ಆಫೀಸರು ಏನೇನೂ ಅಲ್ಲ. ಬಂದವರು ಕುರ್ಚಿಗೆ ನೀರು ಚಿಮುಕಿಸಿ, ಸೆರಗಿನಿಂದ ಒರೆಸಿ, ತುದಿಯಲ್ಲಿ ಕೂತರು. ಸುತ್ತಲಿನವರು ಕಥೆ ಹೇಳಿ ಮುಗಿಸಿದ ಮೇಲೆ ಕೌನ್ಸೆಲರು ಅವರತ್ತ ತಿರುಗಿದರು.

"ಅಮ್ಮ, ಮಗನಿಗೆ ಮುಂಜಿ ಆಗಿದೆಯಲ್ಲ?"

"ಆಗದೆ ಮತ್ತೆ?"

"ಹಾಗಾದ್ರೆ ಸಂಧ್ಯಾವಂದನೆಗೆ ಉದ್ಯಾಪನೆ ಯಾವಾಗ ಮಾಡಿಸಿದ್ರಿ?"

ಅತ್ತೆಗೆ ನಗುವೇ ಬಂತು. "ಅಯ್ಯೋ, ಓದಿದೋರು ನೀವು. ಅದಕ್ಕೆಲ್ಲಿಯ ಉದ್ಯಾಪನೆ? ಅದು ನಿತ್ಯಕರ್ಮ. ಚಟ್ಟ ಏರೋವರೆಗೂ ಬಿಡೋ ಹಾಗಿಲ್ಲ."

"ಇದೂ ಅದೇ ಅಮ್ಮ. ನೀವು ವ್ರತ ಅಂತ ಎಣಿಸಿದ್ದು."

ತುದಿಯಲ್ಲಿ ಕೂತಿದ್ದ ಅತ್ತೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು. ತಿಂಗಳುಗಟ್ಟಲೆ ಮನಸ್ಸು, ನೋವು, ಹಂಚಿಕೊಳ್ಳುವುದು ಎಂದು ನನ್ನ ಕಿವಿ ಕೊರೆದ ಮನುಷ್ಯ ಈ ಒಂದು ಮಾತನ್ನು ಮೊದಲ ಶನಿವಾರವೇ ಆಡಿದ್ದರೆ ಎಷ್ಟು ಸೀರೆ ಮಾರಿರುತ್ತಿದ್ದೆ ಎಂದು ನಾನು ಯೋಚಿಸುತ್ತಿದ್ದೆ.

ಕುರ್ಲಾದಲ್ಲಿ ಬಸ್ಸಿಳಿದು ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅತ್ತೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದರು, "ಅವನು ಸಂಧ್ಯಾವಂದನೇನೂ ಸರಿಯಾಗಿ ಮಾಡಲ್ಲ ಕಣೇ. ಎದುರಿಗೆ ನಿಂತು ಮಾಡಿಸಬೇಕು."

ಮಾರನೆಯ ಬೆಳಿಗ್ಗೆ ಅವರು ಉದ್ಧರಣೆ ಮುಟ್ಟಲಿಲ್ಲ. ಸ್ಟೀಲಿನ ಲೋಟದಲ್ಲಿ ನಲ್ಲಿಯ ನೀರು ತಂದು, ಮಾತ್ರೆ ಕೊಟ್ಟು, ನುಂಗಿದ ಮೇಲೆ ಮಗನಿಗೆ, "ಬಾಯಿ ತೆಗಿ. ನಾಲಗೆ ಎತ್ತು. ಕೆನ್ನೆ ತೋರಿಸು" ಎಂದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನೋಡಿದರು. ಅವರು ಇರುವವರೆಗೂ ಹಾಗೇ ನೋಡಿದರು.

ನಮ್ಮವರು ಮತ್ತೆ ಬಾಯ್ಲರಿಗೆ ಹೋಗಲಿಲ್ಲ, ಸ್ಟೋರ್ಸಿನಿಂದಲೇ ರಿಟೈರಾದರು; ಕ್ವಾರ್ಟರ್ಸನ್ನು ನಾವಾಗಿ ಬಿಟ್ಟೆವೇ ಹೊರತು ಯಾರೂ ಬಿಡಿಸಲಿಲ್ಲ. ಎರಡನೆಯ ಸುತ್ತಿನಲ್ಲಿ ಅವರ ಭಾಷಣ ನಿಂತಿತು. ಟೈಲರ ಪಕ್ಕ ಕೂತು, ಸರದಿ ಬಂದಾಗ "ಇವತ್ತು ಕುಡಿದಿಲ್ಲ" ಅನ್ನುತ್ತಿದ್ದರು. ಆಗಲೇ ನನಗೆ ಸ್ವಲ್ಪ ನಂಬಿಕೆ ಬಂದದ್ದು.

ನಿಮ್ಮ ಮನೆಯಲ್ಲೂ ಇಂಥ ಒಬ್ಬರಿದ್ದರೆ, ಇದ್ದೇ ಇರುತ್ತಾರೆ, ನನ್ನ ಮಾತು ಕೇಳಿ. ಕೈ ನಡುಗಿ ಫಿಟ್ಸ್ ಬರುವ ಮಟ್ಟಕ್ಕೆ ಹೋಗಿದ್ದರೆ ಮೊದಲು ಡಾಕ್ಟರ ಹತ್ತಿರ ಮಲಗಿಸಿ. ಅಲ್ಲಿ ಚೌಕಾಸಿ ಬೇಡ. ಎದ್ದು ಓಡಾಡುವವನಾದರೆ ಸಂಜೆ ಹೋಗಿ ರಾತ್ರಿ ಮನೆಗೆ ಬರುವ ಕಡೆಗೇ ಸೇರಿಸಿ, ಅವನು ಕುಡಿಯಬೇಕಾದದ್ದೂ ಬಿಡಬೇಕಾದದ್ದೂ ಆ ದಾರಿಯಲ್ಲೇ. ಫೀಸನ್ನು ಒಂದೇ ಸಲ ಕೊಡಬೇಡಿ. ಚೆನ್ನಾಗಿ ಅಳುವವನನ್ನು ನಂಬಬೇಡಿ, ನಿಮ್ಮವನಾದರಂತೂ ಇನ್ನೂ ಬೇಡ. ಅವನ ತಾಯಿಯನ್ನು ಮೊದಲ ವಾರವೇ ಕರೆದುಕೊಂಡು ಹೋಗಿ, ಹೊತ್ತುಕೊಂಡಾದರೂ ಸರಿ. ಮಾತ್ರೆಯನ್ನು ಡಾಕ್ಟರು ನಿಲ್ಲಿಸಬೇಕು, ಪುರೋಹಿತರಲ್ಲ. ಜಾರಿದರೆ ಅತ್ತುಕೊಂಡು ಕೂರದೆ ಮಾರನೆಯ ದಿನವೇ ಅದೇ ಕುರ್ಚಿಗೆ ಕಳಿಸಿ. ಎಷ್ಟು ದಿನ ಆಯ್ತು ಎಂದು ಯಾರಾದರೂ ಕೇಳಿದರೆ ಮಾತು ತಿರುಗಿಸಿ. ಒಬ್ಬಟ್ಟು ಮಾಡಲೇಬೇಕು ಅನ್ನಿಸಿದರೆ ಯುಗಾದಿಗೆ ಮಾಡಿ.